ಏರಿನ ಆಚೆ ಬೇರೆ ನದಿ

ಮಲೆನಾಡಿನಲ್ಲಿ ಸೈಕಲ್ ತುಳಿಯುವವನಿಗೆ ಇರುವುದು ಎರಡೇ ಗತಿ. ಒಂದೋ ಯಾವುದೋ ಹೊಳೆಯ ಕಡೆಗೆ ಇಳಿಯುತ್ತಿರಬೇಕು, ಇಲ್ಲವೇ ಆ ಹೊಳೆಯನ್ನು ಬಿಟ್ಟು ಮೇಲಕ್ಕೆ ಹತ್ತುತ್ತಿರಬೇಕು. ಸಮತಟ್ಟು ಅನ್ನುವುದು ಸೇತುವೆಯ ಮೇಲಷ್ಟೇ ಸಿಗುತ್ತದೆ, ಅದೂ ಹತ್ತಿಪ್ಪತ್ತು ಮಾರು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು, ಶೃಂಗೇರಿ, ಕುದುರೆಮುಖ, ಕಳಸ, ಕೊಟ್ಟಿಗೆಹಾರ ಎಂದು ಸುತ್ತು ಹಾಕುವ ರಸ್ತೆಗಳಲ್ಲಿ ನಾನು ಕಾರಿನಲ್ಲೂ ಬಸ್ಸಿನಲ್ಲೂ ಬೇಕಾದಷ್ಟು ಓಡಾಡಿದ್ದೇನೆ. ಆಗೆಲ್ಲ ತಲೆಯಲ್ಲಿ ಉಳಿಯುತ್ತಿದ್ದದ್ದು ತಿರುವುಗಳು, ಹೊಟ್ಟೆ ತೊಳಸುವಿಕೆ, ಕಿಟಕಿಯ ಆಚೆ ಓಡುವ ಹಸಿರು, ಇಷ್ಟೇ. ಸೈಕಲ್ಲಿನಲ್ಲಿ ಹೊರಟ ಮೇಲೆಯೇ ಈ ನಾಡಿನ ಒಳಗಟ್ಟು ಕಾಲಿಗೆ ಹತ್ತಿದ್ದು. ಇಲ್ಲಿ ದೊಡ್ಡ ಏರೊಂದನ್ನು ಮುಗಿಸಿದಿರಿ ಎಂದರೆ ಬಹುಮಟ್ಟಿಗೆ ಒಂದು ನದಿಯ ಸೀಮೆ ಮುಗಿದು ಇನ್ನೊಂದರದ್ದು ಶುರುವಾಯಿತು ಎಂದೇ ಲೆಕ್ಕ.

ಚಿಕ್ಕಮಗಳೂರು ಪೇಟೆಯ ನೀರು ಯಗಚಿಗೆ ಸೇರಿ, ಬೇಲೂರು ಹಾದು, ಗೊರೂರಿನ ಹತ್ತಿರ ಹೇಮಾವತಿಯಾಗಿ, ಕೊನೆಗೆ ಕಾವೇರಿಯಾಗುತ್ತದೆ. ಬಾಳೆಹೊನ್ನೂರಿನದು ಭದ್ರೆ, ಶೃಂಗೇರಿಯದು ತುಂಗೆ. ಇವೆರಡೂ ಕೃಷ್ಣೆಯ ಪಾಲು. ಕೊಟ್ಟಿಗೆಹಾರದಿಂದ ಪಶ್ಚಿಮಕ್ಕೆ ಬಿದ್ದ ಹನಿ ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಕಡಲಿಗಿಳಿಯುತ್ತದೆ. ಒಂದೇ ಜಿಲ್ಲೆಯೊಳಗೆ ಸೈಕಲ್ ತುಳಿಯುತ್ತ ತುಳಿಯುತ್ತ ಬಂಗಾಳ ಕೊಲ್ಲಿಯ ನೀರನ್ನೂ ಅರಬ್ಬೀ ಸಮುದ್ರದ ನೀರನ್ನೂ ದಾಟಿಬಿಡಬಹುದು ಅನ್ನುವುದು ನಕಾಶೆ ನೋಡಿದರೆ ಯಾರಿಗಾದರೂ ತಿಳಿಯುವ ಸಂಗತಿಯೇ. ಆದರೆ ತೊಡೆಗೆ ತಿಳಿಯುವುದು ಬೇರೆ.

ಅಡಿಕೆ ಕೊಯ್ಲು ಜೋರಾಗಿ ನಡೆದಿದ್ದ, ಅರೇಬಿಕಾ ಹಣ್ಣು ಕೆಂಪಾಗತೊಡಗಿದ್ದ ನವೆಂಬರ್ ಕೊನೆಯ ದಿನಗಳವು. ಜೊತೆಗೆ ಬಂದವನು ವಿಜಯಪುರದ ಗೆಳೆಯ. ಕರ್ನಾಟಕದ ಸೈಕ್ಲಿಂಗಿನ ತವರು ಬೆಟ್ಟದ ನಾಡಲ್ಲ, ಅವನ ಊರಿನ ಕಡೆಯ ಬಯಲು. ರಾಜ್ಯಕ್ಕೆ ಸೈಕ್ಲಿಂಗ್ ಪದಕ ತಂದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರ ಮನೆಯವರು, ಅಲ್ಲಿನ ಕ್ರೀಡಾನಿಲಯಗಳಲ್ಲಿ ಬೆಳೆದವರು. ಇವನೂ ಹುಡುಗನಾಗಿದ್ದಾಗ ಜಾತ್ರೆಯ ಸೈಕಲ್ ರೇಸಿನಲ್ಲಿ ಓಡಿದವನೇ. ಕೈಮರದ ಚೆಕ್‌ಪೋಸ್ಟ್ ದಾಟಿ ಗಿರಿಯ ರಸ್ತೆ ಮೂತಿ ಎತ್ತಿದ ಕೂಡಲೇ ಅವನು ಎಡಗಾಲು ನೆಲಕ್ಕೂರಿ ನಿಂತ. "ನಮ್ ಕಡಿ ಎದುರಿಗಿ ಗಾಳಿ ಬರ್ತೈತಿ, ಇಲ್ಲಿ ರೋಡೇ ಎದುರಿಗಿ ಬರಾಕತ್ತೈತಲ್ಲೋ ದೋಸ್ತ!"

ಸುತ್ತು ಹೊರಡುವ ಮೊದಲು ಮುಳ್ಳಯ್ಯನಗಿರಿ ಹತ್ತಲೇಬೇಕು ಎಂದು ಹಟ ಹಿಡಿದವನು ನಾನು. ಶಿಖರದ ಎತ್ತರ 1930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಪೇಟೆಯೇ ಸಾವಿರ ಮೀಟರಿಗೂ ಮೇಲಿರುವುದರಿಂದ ಹತ್ತಬೇಕಾದದ್ದು ಎಂಟುನೂರು ಮೀಟರ್ ಚಿಲ್ಲರೆ. ಅದು ಇಪ್ಪತ್ತು ಕಿಲೋಮೀಟರಿನ ಮೇಲೆ ಸಮನಾಗಿ ಹಂಚಿಹೋಗಿದ್ದರೆ ಮಾತೇ ಇರಲಿಲ್ಲ. ಮೊದಲ ಕಿಲೋಮೀಟರುಗಳು ಸುಮ್ಮನೆ ಸಲುಗೆ ತೋರಿಸಿ, ಕೈಮರದ ನಂತರ ಸಾಲವನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತವೆ. ಮುಂದೆ 34 ಹಲ್ಲಿನ ಚಕ್ರ, ಹಿಂದೆಯೂ 34 ಹಲ್ಲಿನದು, ಅಂದರೆ ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಎರಡು ಮೀಟರ್ ಮತ್ತು ಒಂದು ಗೇಣು ಮುಂದೆ ಹೋದಂತಾಯಿತು. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಗಂಟೆಗೆ ಏಳೆಂಟು ಕಿಲೋಮೀಟರ್. ನೊಣಗಳು ಜೊತೆಯಲ್ಲೇ ಬರುತ್ತವೆ, ಹಿಂದೆ ಬೀಳುವುದಿಲ್ಲ.

ಈ ವೇಗಕ್ಕೆ ಒಂದು ಲಾಭವಿದೆ. ಕಾಡು ಹೇಗೆ ಬದಲಾಗುತ್ತದೆ ಎಂಬುದು ಕಣ್ಣ ಮುಂದೆಯೇ ನಡೆಯುತ್ತದೆ. ಕೆಳಗೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಅದರ ಅಡಿ ಕಾಫಿ. ಒಂದಷ್ಟು ಹತ್ತಿದ ಮೇಲೆ ತೋಟ ಹಿಂದೆ ಸರಿದು, ಮರಗಳು ಗಿಡ್ಡವಾಗುತ್ತ, ಕೊಂಬೆಗಳಿಗೆ ಪಾಚಿ ಜಾಸ್ತಿಯಾಗುತ್ತ ಬರುತ್ತದೆ. ಆಮೇಲೆ ಒಂದು ತಿರುವಿನಲ್ಲಿ ಮರಗಳೇ ಇಲ್ಲ. ಬರೀ ಹುಲ್ಲು, ಗಾಳಿಗೆ ಒಂದೇ ಕಡೆ ಬಾಗಿದ ಹುಲ್ಲು. ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು ಒತ್ತೊತ್ತಾಗಿ ಅಡಗಿ ಕೂತಿರುತ್ತದೆ. ಹುಲ್ಲಿನ ಬೇರು ಮಳೆಯನ್ನು ಹಿಡಿದುಕೊಳ್ಳುತ್ತದೆ, ಅದು ಜಿನುಗಿ ಮಡಿಕೆಗಿಳಿದಾಗ ಶೋಲಾದ ಕೊಳೆತ ಎಲೆಯ ದಪ್ಪ ಹಾಸು ಮತ್ತೆ ತಡೆದು ನಿಲ್ಲಿಸುತ್ತದೆ. ಮಳೆಗಾಲ ಕಳೆದು ಎಷ್ಟೋ ವಾರ ಆಗಿದ್ದರೂ ಪ್ರತಿ ಮೋರಿಯ ಅಡಿ ನೀರಿನ ಸದ್ದಿತ್ತು. ಏರುವಾಗ ಸೈಕಲ್ ಸದ್ದು ಮಾಡುವುದಿಲ್ಲ, ಏದುಸಿರೊಂದು ಬಿಟ್ಟರೆ. ಹಾಗಾಗಿ ಮೋರಿ ಕಾಣುವ ಮೊದಲೇ ಅದರ ನೀರು ಕೇಳುತ್ತದೆ.

2022ರಲ್ಲಿ ಇದೇ ಇಳಿಜಾರುಗಳಲ್ಲಿ ಕುರಿಂಜಿ ಅರಳಿ ಬೆಟ್ಟಗಳೇ ನೀಲಿಯಾಗಿದ್ದವು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಗಿಡ ಎಂದು ಹೇಳುತ್ತಾರೆ. ಆಗ ಬಂದ ವಾಹನಗಳ ಸಾಲನ್ನು ಇಲ್ಲಿನವರು ಈಗಲೂ ನೆನೆಸಿಕೊಂಡು ತಲೆ ಚಚ್ಚಿಕೊಳ್ಳುತ್ತಾರೆ. ಶನಿವಾರ ಭಾನುವಾರ ಗಿರಿಯ ಕಡೆ ಸೈಕಲ್ ತಿರುಗಿಸಲೇಬೇಡಿ ಎಂಬುದು ನನ್ನ ಮಾತು. ಸೀತಾಳಯ್ಯನಗಿರಿ ದಾಟಿದ ಮೇಲಿನ ರಸ್ತೆ ಒಂದು ಜೀಪಿಗಷ್ಟೇ ಸಾಕಾಗುವಷ್ಟು ಅಗಲ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಅಲ್ಲಿ ಎದುರಾದ ಎರಡು ಜೀಪುಗಳು ಜಗಳ ಬಗೆಹರಿಸಿಕೊಳ್ಳುವವರೆಗೂ ಸೈಕಲ್ಲಿನವನು ಬಂಡೆಗೆ ಅಂಟಿಕೊಂಡು ನಿಂತಿರಬೇಕು. ವಾರದ ನಡುವೆ, ಬೆಳಗಿನ ಆರಕ್ಕೆ, ಆ ರಸ್ತೆ ನಿಮ್ಮ ಸ್ವಂತದ್ದು.

ಮೆಟ್ಟಿಲುಗಳ ಬುಡದಲ್ಲಿ ಸೈಕಲ್ಲುಗಳನ್ನು ಒಂದಕ್ಕೊಂದು ಬಿಗಿದು ಮೇಲೆ ಹತ್ತಿದೆವು. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ, ಅದರ ಸುತ್ತ ಕಿವಿ ಕಿತ್ತುಹೋಗುವಂಥ ಗಾಳಿ. ಅಲ್ಲಿ ನಿಂತರೆ ಚಂದ್ರದ್ರೋಣ ಪರ್ವತಕ್ಕೆ ಆ ಹೆಸರು ಯಾಕೆ ಬಂತೆಂದು ಯಾರೂ ಹೇಳಬೇಕಾಗಿಲ್ಲ. ಬಿದಿಗೆಯ ಚಂದ್ರನಂತೆ ಬಾಗಿದ ಸಾಲು ಕಣ್ಣಿಗೇ ಬೀಳುತ್ತದೆ. ಬಾಗಿದ ಒಳಮೈಯ ನೀರೆಲ್ಲ ಜಾಗರ ಕಣಿವೆಗಿಳಿದು, ಸೋಮವಾಹಿನಿಯಾಗಿ, ಮುತ್ತೋಡಿಯ ಕಾಡು ಹಾದು ಭದ್ರೆಗೆ ಹೋಗುತ್ತದೆ. ಹೊರಮೈಯ ಒಂದು ಪಾಲು ಯಗಚಿಗೆ. ಪೂರ್ವದ ಇಳಿಜಾರಿನದ್ದು ಸಖರಾಯಪಟ್ಟಣದ ಕಡೆಯ ಬಯಲಿಗಿಳಿದು, ಅಯ್ಯನಕೆರೆ ತುಂಬಿ, ವೇದಾವತಿಯಾಗಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಂತು ಚಿತ್ರದುರ್ಗದ ಸೀಮೆಗೆ ನೀರುಣಿಸುತ್ತದೆ. ಹಿರಿಯೂರಿನ ಬಿಸಿಲಿನಲ್ಲಿ ಬೆಳೆದ ತೆಂಗಿಗೂ ಈ ಮಂಜಿಗೂ ನೆಂಟಸ್ತಿಕೆ. ಗೆಳೆಯ ಪೂರ್ವಕ್ಕೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ. ಬಯಲು ಕಂಡರೆ ಬಯಲಿನವನಿಗೆ ಜೀವ ಬರುತ್ತದೆ.

ಬಾಬಾಬುಡನ್‌ಗಿರಿಯ ದಾರಿಯನ್ನು ಹೆಚ್ಚು ಬಣ್ಣಿಸುವುದಿಲ್ಲ. ಯೆಮನ್ನಿನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟ ಹದಿನೇಳನೇ ಶತಮಾನದ ಸಂತನ ಕಥೆ ಕನ್ನಡ ಓದುವವರಿಗೆಲ್ಲ ಗೊತ್ತು. ಸೈಕಲ್ಲಿನವರಿಗೆ ಒಂದೇ ಮಾತು: ಅತ್ತಿಗುಂಡಿಯಲ್ಲಿ ಚಹಾ ಕುಡಿದುಕೊಳ್ಳಿ, ಮುಂದೆ ಗಾಳಿ ಜಾಸ್ತಿ.

ಸುತ್ತಿನ ನಿಜವಾದ ಸುಖ ಶುರುವಾಗುವುದು ಆಲ್ದೂರಿನ ರಸ್ತೆಯಲ್ಲಿ. ಗಿರಿಯ ರಸ್ತೆಯಂತೆ ಇದು ಒಂದೇ ಸಮನೆ ಹತ್ತುವುದಿಲ್ಲ. ಹತ್ತುತ್ತದೆ, ಮನಸ್ಸು ಬದಲಾಯಿಸಿ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಎರಡೂ ಬದಿಗೆ ತೋಟಗಳು. ಬೇಲಿಯ ಆಚೆ ಲೈನ್ ಮನೆಗಳ ಮುಂದೆ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು ಹಣ್ಣು ಕೊಯ್ಯಲು ಹೊರಟಿದ್ದರು, ರೈಟರು ಬೈಕಿನ ಮೇಲೆ ಒಂದು ಕಾಲು ನೆಲಕ್ಕಿಟ್ಟು ಲೆಕ್ಕದ ಪುಸ್ತಕ ತೆರೆದಿದ್ದ. ಪಲ್ಪರ್ ಓಡುತ್ತಿರುವ ತೋಟ ಯಾವುದು ಎಂಬುದು ಮೂಗಿಗೆ ಮೊದಲು ಗೊತ್ತಾಗುತ್ತದೆ. ಹಣ್ಣಿನ ಸಿಪ್ಪೆ ಕೊಳೆಯುವ ಹುಳಿ ಸಿಹಿ ವಾಸನೆ ಅರ್ಧ ಮೈಲಿ ಮುಂಚೆಯೇ ರಸ್ತೆಗೆ ಬಂದಿರುತ್ತದೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಕಾಫಿಯೆಂದರೆ ಲೋಟದಲ್ಲಿ ಬರುವ ವಾಸನೆ ಮಾತ್ರ.

ಆಲ್ದೂರು ಕಳೆದ ಮೇಲೆ ಎಲ್ಲೋ ಒಂದು ಕಡೆ ಕಾವೇರಿಯ ಸೀಮೆ ಮುಗಿಯುತ್ತದೆ. ಫಲಕ ಇಲ್ಲ, ಕಲ್ಲು ನೆಟ್ಟಿಲ್ಲ. ಆದರೆ ರಸ್ತೆಯ ಸ್ವಭಾವ ಬದಲಾದದ್ದು ಗೊತ್ತಾಗುತ್ತದೆ. ಇಳಿತಗಳು ಉದ್ದವಾಗುತ್ತವೆ, ಏರುಗಳು ಗಿಡ್ಡವಾಗುತ್ತವೆ. ಗಾಳಿಗೆ ಸ್ವಲ್ಪ ಉಬ್ಬೆ ಬರುತ್ತದೆ. ಅರೇಬಿಕಾದ ಜಾಗಕ್ಕೆ ರೊಬಸ್ಟಾ, ಅದರ ನಡುವೆ ಅಡಿಕೆ ಕಾಣಿಸಿಕೊಳ್ಳುತ್ತದೆ. ಬಾಳೆಹೊನ್ನೂರಿಗೆ ಮೊದಲು ಸೀಗೋಡಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಸಿಗುತ್ತದೆ. 1925ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಪ್ರಯೋಗ ಕೇಂದ್ರವದು. ತೋಟಗಳಿಗೆ ಬಿದ್ದ ಎಲೆ ರೋಗಕ್ಕೆ ಮದ್ದು ಹುಡುಕಲು ಆಗಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೈಹಾಕಿದ ಕೆಲಸ. ನಾವು ಅದರ ಗೇಟಿನ ಎದುರು ಚೈನಿಗೆ ಎಣ್ಣೆ ಬಿಟ್ಟುಕೊಂಡೆವು, ಅಷ್ಟೇ. ಭದ್ರೆಯ ಸೇತುವೆ ಕಾಯುತ್ತಿತ್ತು.

ಸೇತುವೆಯ ಮೇಲೆ ನಿಂತಾಗ ಮುದುಕರೊಬ್ಬರು ಕೊಡೆ ಊರಿಕೊಂಡು ಬಂದರು. ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಟಿನ ಅಡಿ ಬಗ್ಗಿ ನೋಡಿದರು.

"ಮೋಟ್ರು ಎಲ್ಲಿ ಕೂರ್ಸಿದಾರೆ ಮಾರಾಯ್ರೆ?"

"ಮೋಟ್ರು ಇಲ್ಲ ಅಜ್ಜ, ತುಳಿಯೋದೇ."

"ಆಲ್ದೂರು ಘಾಟಿ ತುಳ್ಕಂಡೇ ಬಂದ್ರಾ? ಎಂತಕ್ಕೆ?"

ಗೆಳೆಯ ನನ್ನ ಮುಖ ನೋಡಿದ. ನಾನು ಹೊಳೆಯ ಕಡೆ ನೋಡಿದೆ. ಅಜ್ಜನೇ ನಮ್ಮ ಕಷ್ಟ ತಪ್ಪಿಸಿದರು. "ಆಯ್ತು ಬಿಡಿ, ಹರೆಯ. ಜಯಪುರಕ್ಕೆ ಹೋಗೋದಾದ್ರೆ ಹೊಟ್ಟೆಗೆ ಏನಾದ್ರೂ ಹಾಕ್ಕಂಡು ಹೊರಡಿ, ಮುಂದೆ ಚಡಾವು ಇದೆ." ನಲವತ್ತೈದು ದಾಟಿದವರಿಗೆ ಹರೆಯ ಎಂದವರ ಮಾತನ್ನು ಮೀರಲಿಕ್ಕಾಗುತ್ತದೆಯೇ? ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದೇ ಹೊರಟೆವು.

ಚಡಾವು ಇತ್ತು. ಭದ್ರೆಯನ್ನು ಬಿಟ್ಟು ತುಂಗೆಯ ಕಡೆ ಹೋಗಬೇಕಾದರೆ ನಡುವಿನ ಬೆನ್ನನ್ನು ದಾಟದೆ ವಿಧಿಯಿಲ್ಲ. ಜಯಪುರದ ಆಸುಪಾಸಿನ ಈ ರಸ್ತೆಗಳಲ್ಲಿ ನೆರಳು ಎಷ್ಟು ದಟ್ಟವೆಂದರೆ ಮಧ್ಯಾಹ್ನದಲ್ಲೂ ಡಾಂಬರಿನ ಅಂಚು ಒದ್ದೆ. ಅಂಚಿನ ಹಸಿರು ಪಾಚಿಯ ಮೇಲೆ ತೆಳುವಾದ ಟೈರು ಹೋದರೆ ಕಥೆ ಮುಗಿಯಿತು, ನಡುವೆಯೇ ತುಳಿಯಬೇಕು. ನಿಂತರೆ ಇಂಬಳ. ಮಳೆಗಾಲ ಮುಗಿದರೂ ನೆರಳಿನ ಮೋರಿಗಳ ಹತ್ತಿರ ಅವು ಇನ್ನೂ ಖಾಲಿಯಾಗಿರಲಿಲ್ಲ. ವಿಜಯಪುರದವನಿಗೆ ಇಂಬಳ ಕಂಡು ಅಭ್ಯಾಸವಿಲ್ಲ. ಕಾಲ್ಚೀಲದ ಮೇಲೆ ಹತ್ತುತ್ತಿದ್ದ ಒಂದನ್ನು ಕಂಡ ಮೇಲೆ ಅವನು ಆ ಏರಿನಲ್ಲಿ ಮತ್ತೆಲ್ಲೂ ನಿಲ್ಲಲೇ ಇಲ್ಲ. ಅವನನ್ನು ಅಷ್ಟು ವೇಗವಾಗಿ ಹತ್ತಿಸಿದ ತರಬೇತುದಾರ ಇನ್ನೊಬ್ಬ ಇರಲಾರ.

ಆ ಸಂಜೆ ರಸ್ತೆ ಬದಿಯ ಒಂದು ಮನೆಯಂಗಳದಲ್ಲಿ ನೀರು ಕೇಳಲು ಹೋದವರು ಒಂದು ಗಂಟೆ ಅಲ್ಲೇ ಕೂತೆವು. ಅಡಿಕೆ ಸುಲಿಯುತ್ತಿದ್ದರು. ಎಂಟು ಹತ್ತು ಜನ ಸಾಲಾಗಿ, ಪ್ರತಿಯೊಬ್ಬರ ಮುಂದೆ ಮಣೆಗೆ ಸಿಕ್ಕಿಸಿದ ಮೆಟ್ಟುಕತ್ತಿ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಒಮ್ಮೆ ತಿರುಗಿಸಿದರೆ ಸಿಪ್ಪೆ ಬಿಚ್ಚಿ, ಮತ್ತೊಂದು ಒತ್ತಿಗೆ ಒಳಗಿನ ಬೀಜ ಹೊರಕ್ಕೆ. ಕಣ್ಣು ಕೈಯ ಕಡೆ ಇಲ್ಲ, ಮಾತಿನ ಕಡೆ. ಪಕ್ಕದ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿತ್ತು. ಹಳೆಯ ಚೊಗರು ಬೆರೆಸಿದ ಕೆಂಪು ನೀರು ಕೊತಕೊತ ಕುದಿಯುತ್ತಿತ್ತು. ಬೆಂದದ್ದನ್ನು ತಟ್ಟಿಯ ಮೇಲೆ ಹರಡಿದಾಗ ಎದ್ದ ಹಬೆಯಲ್ಲಿ ಒಗರು ವಾಸನೆ ಗಂಟಲಿನ ತನಕ ಇಳಿಯಿತು. ಮನೆಯ ಅಮ್ಮ ನೀರು ಕೇಳಿದವರಿಗೆ ಬೆಲ್ಲ ಮೊದಲು ಕೊಟ್ಟು ಆಮೇಲೆ ನೀರು ಕೊಟ್ಟರು. "ಕತ್ತಲಾಗ್ತದೆ, ಶೃಂಗೇರಿಗೆ ಇನ್ನು ಇಳಿಜಾರೇ, ಆದ್ರೆ ಕಾಡುಕೋಣ ರಸ್ತೆಗೆ ಬರೋ ಹೊತ್ತು. ಬೇಗ ಹೊರಡಿ" ಎಂದರು. ಇಳಿಜಾರಿನಲ್ಲಿ ಕಾಡುಕೋಣ ಎದುರಾದರೆ ಸೈಕಲ್ ಹೊಡೆಯುವವನು ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಲೈಟು ಹಾಕಿಕೊಂಡು, ಗಂಟೆ ಬಾರಿಸುತ್ತ ಇಳಿದೆವು.

ಶೃಂಗೇರಿಯಲ್ಲಿ ತುಂಗೆ. ವಿದ್ಯಾಶಂಕರ ದೇವಾಲಯದ ಕಲ್ಲಿನ ಮೈಮೇಲೆ ಬೆಳಗಿನ ಬಿಸಿಲು ಬೀಳುವಾಗ ಮೆಟ್ಟಿಲ ಮೇಲೆ ಕೂತು ಮೀನುಗಳನ್ನು ನೋಡುವುದು ಎಲ್ಲ ಪ್ರವಾಸಿಗರೂ ಮಾಡುವ ಕೆಲಸ, ನಾವೂ ಮಾಡಿದೆವು. ಅಲ್ಲಿಂದ ಕಿಗ್ಗ ಹತ್ತಿರ. ಋಷ್ಯಶೃಂಗನ ಊರು, ಮಳೆಯ ದೇವರ ಊರು. ಮಳೆ ಬಾರದಿದ್ದರೆ ಬರಲೆಂದೂ, ಬಂದದ್ದು ನಿಲ್ಲದಿದ್ದರೆ ನಿಲ್ಲಲೆಂದೂ ಅದೇ ದೇವರಿಗೆ ಪೂಜೆ. ಆಗುಂಬೆಯ ಕಡೆ ಹೋಗಬೇಕೆಂಬ ಆಸೆ ಗೆಳೆಯನಿಗಿತ್ತು. ಹದಿನಾಲ್ಕು ತಿರುವಿನ ಘಾಟಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರುವ ಮಳೆ, ಸೂರ್ಯಾಸ್ತ ಎಲ್ಲ ಕೇಳಿದ್ದ. ನಾನು ಬೇಡವೆಂದೆ. ಆಗುಂಬೆ ಚಂದವೇ, ಆದರೆ ನೋಡುವವರು ಜಾಸ್ತಿ. ನನ್ನ ಕಣ್ಣಿದ್ದದ್ದು ತುಂಗೆ ಬಂದ ದಿಕ್ಕಿನ ಮೇಲೆ.

ನೆಮ್ಮಾರು, ಕೆರೆಕಟ್ಟೆ ಎಂದು ಹೋಗುವ ಆ ರಸ್ತೆ ಬಹುದೂರ ತುಂಗೆಯ ಪಕ್ಕದಲ್ಲೇ ಇರುತ್ತದೆ. ಹೊಳೆ ಎದುರಿನಿಂದ ಇಳಿದು ಬರುತ್ತದೆ, ನಾವು ಹತ್ತಿ ಹೋಗುತ್ತೇವೆ. ಪ್ರತಿ ನಾಲ್ಕೈದು ಕಿಲೋಮೀಟರಿಗೆ ನೋಡಿದಾಗಲೂ ಅದು ಸ್ವಲ್ಪ ಸಣ್ಣದಾಗಿರುತ್ತದೆ. ಶೃಂಗೇರಿಯಲ್ಲಿ ನದಿಯಾಗಿದ್ದದ್ದು ನೆಮ್ಮಾರು ದಾಟಿದ ಮೇಲೆ ಹೊಳೆ, ಮುಂದೆ ಬಂಡೆಗಳ ನಡುವೆ ನುಸುಳುವ ಹಳ್ಳ. ಬಸ್ಸಿನಲ್ಲಿ ಹೋಗುವಾಗ ಇದೇ ನೀರು ಅಲ್ಲಲ್ಲಿ ಮಿಂಚಿ ಮಾಯವಾಗುತ್ತಿತ್ತು. ಹಂತ ಹಂತವಾಗಿ ಅದು ಚಿಕ್ಕದಾಗುವುದನ್ನು ನೋಡಬೇಕಾದರೆ ಗಂಟೆಗೆ ಹತ್ತು ಕಿಲೋಮೀಟರೇ ತಕ್ಕ ವೇಗ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಇದು, 1987ರಿಂದ. ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಬೇಕು, ಕತ್ತಲಾಗುವ ಮೊದಲು ಆಚೆ ತುದಿ ಸೇರಬೇಕು, ನಡುವೆ ಎಲ್ಲೆಂದರಲ್ಲಿ ನಿಲ್ಲುವ ಹಾಗಿಲ್ಲ. ಚೆಕ್‌ಪೋಸ್ಟಿನ ಹುಡುಗ ಸೈಕಲ್ಲುಗಳನ್ನು ನೋಡಿ ಗಡಿಯಾರ ನೋಡಿದ, ಮತ್ತೆ ಸೈಕಲ್ ನೋಡಿದ. "ತಳ್ಕಂಡು ಹೋಗ್ತೀನಿ ಅಂದ್ರೆ ಟೈಮ್ ಸಾಕಾಗಲ್ಲ ಸಾರ್, ತುಳೀಬೇಕು" ಎಂದು ಗಂಭೀರವಾಗಿ ಹೇಳಿ ಬಿಟ್ಟುಕೊಟ್ಟ.

ಎಸ್.ಕೆ. ಬಾರ್ಡರ್ ಎಂದು ಈಗಲೂ ಕರೆಯುವ ಮೂರು ದಾರಿ ಕೂಡುವ ಜಾಗ ಬಂತು. ಸೌತ್ ಕೆನರಾ ಜಿಲ್ಲೆ ಹೋಗಿ ಎಷ್ಟು ಕಾಲವಾದರೂ ಗಡಿಯ ಹೆಸರು ಮಾತ್ರ ಹೋಗಿಲ್ಲ. ಒಂದು ದಾರಿ ಪಶ್ಚಿಮಕ್ಕೆ ಘಾಟಿ ಇಳಿದು ಕಾರ್ಕಳದ ಕಡೆಗೆ. ನಾವು ಕುದುರೆಮುಖದ ಕಡೆ ತಿರುಗಿದೆವು. ಇಲ್ಲಿಂದ ಮುಂದಿನ ರಸ್ತೆಯನ್ನು ಹೇಗೆ ಹೇಳಲಿ? ಕಾಡು ಸರಿದು ಬೆಟ್ಟಗಳು ಬಯಲಾಗುತ್ತವೆ. ಹುಲ್ಲುಗಾವಲಿನ ಗುಡ್ಡಗಳು ಒಂದರ ಹಿಂದೆ ಒಂದು, ಕೊನೆಯದು ಯಾವುದೆಂದು ಹೇಳಲಾಗದಷ್ಟು. ಮೋಡ ಪಶ್ಚಿಮದ ಬೆನ್ನಿನ ಮೇಲೆ ಹತ್ತಿ ಬಂದು, ಈಚೆಗೆ ಇಳಿಯಲು ಅನುಮಾನಿಸುತ್ತ ನಿಂತಿತ್ತು. ಬೆನ್ನಿನ ಆಚೆ ಕರಾವಳಿ, ಈಚೆ ಘಟ್ಟ. ಒಂದೇ ಮೋಡದ ಎರಡು ಹನಿಗಳು ಒಂದು ಮಾರು ಆಚೀಚೆ ಬಿದ್ದರೆ ಮತ್ತೆ ಒಂದಾಗುವುದು ಸಮುದ್ರಗಳೇ ಕೂಡುವ ಜಾಗದಲ್ಲಿ.

ವರಾಹ ಪರ್ವತದ ಗಂಗಾಮೂಲ ಇರುವುದು ಈ ರಸ್ತೆಯ ಪಕ್ಕದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿಯೇ ಎಂದು ಹೇಳುತ್ತಾರೆ. ಹಿರಣ್ಯಾಕ್ಷನನ್ನು ಕೊಂದು ದಣಿದು ಕೂತ ವರಾಹಸ್ವಾಮಿಯ ಎಡಗಡೆ ಇಳಿದ ಬೆವರು ತುಂಗೆ, ಬಲಗಡೆ ಇಳಿದದ್ದು ಭದ್ರೆ ಎಂಬುದು ಸ್ಥಳಪುರಾಣ. ಕೆರೆಕಟ್ಟೆಯಿಂದ ಹತ್ತಿ ಬಂದವರಿಗೆ ಆ ಪುರಾಣದಲ್ಲಿ ಒಂದಕ್ಷರವನ್ನೂ ಅನುಮಾನಿಸಲು ಕಾರಣವಿಲ್ಲ. ಗೆಳೆಯ ಹೆಲ್ಮೆಟ್ ತೆಗೆದು ಬಗ್ಗಿಸಿದ. ಎರಡೂ ಕಿವಿಯ ಪಕ್ಕದಿಂದ ನೀರು ಇಳಿಯಿತು. ಒಳಗೆ ಕಾಡಿಗೆ ಹೋಗುವುದಕ್ಕೆ ಅಪ್ಪಣೆ ಇಲ್ಲದ್ದರಿಂದ ಮೂಲವನ್ನು ನೋಡಲಿಲ್ಲ. ನೋಡುವ ಅಗತ್ಯವೂ ಅನಿಸಲಿಲ್ಲ. ಬೆಳಗಿನಿಂದ ಎದುರು ಬಂದ ತುಂಗೆ ಕಾಣೆಯಾಗಿ, ಸ್ವಲ್ಪ ದೂರದಲ್ಲೇ ನಮ್ಮ ಜೊತೆಗೇ, ನಾವು ಇಳಿಯುವ ದಿಕ್ಕಿಗೇ ಹರಿಯುವ ಬೇರೊಂದು ತೊರೆ ಸಿಕ್ಕಿತ್ತು. ಅದು ಭದ್ರೆಯ ಕಡೆಗೆ ಹೋಗುವ ನೀರು. ಕೂಗಳತೆಯ ಜಾಗದಲ್ಲಿ ಬೆನ್ನು ತಿರುಗಿಸಿಕೊಂಡ ಈ ಎರಡು ಹೊಳೆಗಳು ಒಂದು ಶೃಂಗೇರಿ ತೀರ್ಥಹಳ್ಳಿ ಸುತ್ತಿ, ಇನ್ನೊಂದು ಕಳಸ ಬಾಳೆಹೊನ್ನೂರು ಸುತ್ತಿ, ಶಿವಮೊಗ್ಗದ ಆಚೆ ಕೂಡಲಿಯಲ್ಲಿ ಸೇರುತ್ತವೆ. ನಾವು ಬಾಳೆಹೊನ್ನೂರಿನಲ್ಲಿ ಬಿಟ್ಟ ನದಿಯನ್ನು ಅದರ ತೊಟ್ಟಿಲಿನ ಹತ್ತಿರ ಮತ್ತೆ ಹಿಡಿದಿದ್ದೆವು.

ಇಳಿಜಾರಿನಲ್ಲಿ ಕಡಾಂಬಿ ಜಲಪಾತ ರಸ್ತೆಗೇ ಸಿಡಿಯುವಷ್ಟು ಪಕ್ಕದಲ್ಲಿದೆ. ಅದರ ಮುಂದೆ ಕುದುರೆಮುಖದ ಟೌನ್‌ಶಿಪ್. ಕಬ್ಬಿಣದ ಅದಿರಿಗಾಗಿ 1976ರಲ್ಲಿ ಹುಟ್ಟಿದ ಕಂಪನಿ ಕಟ್ಟಿದ ಊರು. ಬೀದಿಗಳು ನೇರವಾಗಿವೆ, ಮನೆಗಳ ಸಾಲು ಸಾಲು, ಬಹುಪಾಲು ಬಾಗಿಲುಗಳು ಮುಚ್ಚಿವೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಕಡಲಿಗೆ ಹೋಗುತ್ತಿದ್ದ ಬಗೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ, ಸ್ವಲ್ಪ ಹೆದರಿಸುತ್ತದೆ ಕೂಡ. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಪೂರ್ವಕ್ಕೆ ಹೋಗಬೇಕಾದ ಸೀಮೆಯ ಮಣ್ಣು ಪಶ್ಚಿಮದ ಕಡಲ ದಡ ಸೇರುತ್ತಿತ್ತು. ಕಬ್ಬಿಣ ತೆಗೆದುಳಿದ ಹೂಳನ್ನು ಹಿಡಿಯಲು ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಭದ್ರೆಯ ಉಪನದಿ ಅದು. ಗಣಿ ನಿಂತದ್ದಕ್ಕೆ ಇಲ್ಲಿ ಸಂತೋಷಪಟ್ಟವರೂ ಇದ್ದಾರೆ, ಕೆಲಸ ಕಳೆದುಕೊಂಡು ಊರು ಬಿಟ್ಟವರೂ ಇದ್ದಾರೆ. ಎರಡೂ ಕಡೆಯ ಮಾತು ಕೇಳಿದವರಿಗೆ ಖಾಲಿ ಮನೆಗಳ ಮುಂದೆ ಸೈಕಲ್ ನಿಲ್ಲಿಸಿ ಫೋಟೋ ತೆಗೆಯಲು ಕೈ ಬರುವುದಿಲ್ಲ. ನನಗಂತೂ, ಅದಿರು ಎಷ್ಟು ಮುಖ್ಯವಿದ್ದರೂ ಮೂರು ನದಿಗಳ ನೆತ್ತಿಯನ್ನು ಅಗೆಯಬಾರದಿತ್ತು ಅನಿಸುತ್ತದೆ.

ಸಂಸೆ, ಕಳಸದವರೆಗೆ ಭದ್ರೆಯ ಜೊತೆ ಇಳಿದದ್ದೇ ಇಳಿದದ್ದು. ಕಳಸೇಶ್ವರನ ಮೆಟ್ಟಿಲು ಹತ್ತಲು ಕಾಲು ಒಪ್ಪಲಿಲ್ಲ, ಕೆಳಗಿನಿಂದಲೇ ಕೈಮುಗಿದೆವು. ಕಳಸದಿಂದ ಹಿರೇಬೈಲು, ಜಾವಳಿಯ ಕಡೆ ಮತ್ತೆ ಏರು. ಮಲೆನಾಡಿನ ಪೈಕಿ ನನಗೆ ಅತ್ಯಂತ ಇಷ್ಟವಾದ ಸೈಕಲ್ ರಸ್ತೆ ಇದೇ. ಏರು ಎಲ್ಲೂ ಕ್ರೂರವಲ್ಲ, ಆದರೆ ಮುಗಿಯುವುದೂ ಇಲ್ಲ. ಒಂದು ತಿರುವಿಗೆ ತೋಟ, ಒಂದಕ್ಕೆ ಗದ್ದೆ, ಒಂದಕ್ಕೆ ಬರೀ ಕಣಿವೆ. ಮಲೆನಾಡು ಗಿಡ್ಡ ದನಗಳು ರಸ್ತೆಯ ನಡುವೆ ಮಲಗಿ, ಕಾರಿಗೆ ಏಳುತ್ತವೆ, ಸೈಕಲ್ಲಿಗೆ ಏಳುವುದಿಲ್ಲ. ಜಾವಳಿಯಲ್ಲಿ ಹೇಮಾವತಿಯ ಮೂಲ. ಸಣ್ಣ ಗುಡಿಯ ಹತ್ತಿರದ ತೀರ್ಥ. ಗೊರೂರಿನಲ್ಲಿ ಸಮುದ್ರದಂತೆ ನಿಂತಿರುವ ನೀರನ್ನು ನೋಡಿದವರು ಇಲ್ಲಿ ಬಂದು ನಿಂತರೆ ನಂಬಲು ಸ್ವಲ್ಪ ಹೊತ್ತು ಬೇಕು. ಭದ್ರೆ ಹಿಂದೆ ಉಳಿಯಿತು, ನಾವು ಮತ್ತೆ ಕಾವೇರಿಯ ಸೀಮೆಗೆ ಬಂದಿದ್ದೆವು.

ಕೊಟ್ಟಿಗೆಹಾರದಲ್ಲಿ ನೀರುದೋಸೆ. ಕಾದ ಕಾವಲಿಗೆ ಹಿಟ್ಟು ಸುರಿದಾಗ ಏಳುವ ಚುಂಯ್ ಸದ್ದನ್ನು ಕೇಳುತ್ತ, ಎಷ್ಟನೆಯದು ಎಂದು ಎಣಿಸುವುದನ್ನು ಬಿಟ್ಟು ತಿಂದೆವು. ಪಕ್ಕದಲ್ಲೇ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನ ಇದೆ. ಹುಳ, ಹಕ್ಕಿ, ಆರ್ಕಿಡ್ ಎಂದು ಹುಡುಗರು ಬರುತ್ತಿರುತ್ತಾರೆ. ಎಡಕ್ಕೆ ಮೂಡಿಗೆರೆಗೆ ಹೋದರೆ ಸಂಜೆಯೊಳಗೆ ಚಿಕ್ಕಮಗಳೂರು, ಸುತ್ತು ಪೂರ್ತಿ. ಬಲಕ್ಕೆ ಚಾರ್ಮಾಡಿ.

"ಮೂರರಾಗ ಎರಡು ನದಿ ಜೋಡಿ ಹೋಗಿ ಬಂದ್ವಿ. ಆ ಮೂರನೇದು ಏನ್ ಪಾಪ ಮಾಡೈತಿ?" ಎಂದ ಗೆಳೆಯ. ನೇತ್ರಾವತಿಯ ಮಾತು ಅದು. ಅವನ ವಾದಕ್ಕೆ ಎದುರಿಲ್ಲ. ಬ್ರೇಕಿನ ಪ್ಯಾಡುಗಳನ್ನು ನೋಡಿಕೊಂಡೆವು, ಟೈರಿನ ಗಾಳಿ ಸ್ವಲ್ಪ ಇಳಿಸಿದೆವು. ಘಾಟಿಯಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದಿರಬಾರದು, ರಿಮ್ಮು ಕಾದು ಟ್ಯೂಬು ಸಿಡಿಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟುಬಿಡಬೇಕು. ಎದುರಿನ ಬಸ್ಸು ತಿರುವಿನಲ್ಲಿ ಇಡೀ ರಸ್ತೆಯನ್ನು ತನ್ನದೆಂದೇ ತಿಳಿದಿರುತ್ತದೆ, ಅದಕ್ಕೆ ತಕರಾರು ಮಾಡುವುದರಲ್ಲಿ ಅರ್ಥವಿಲ್ಲ. ಅಣ್ಣಪ್ಪಸ್ವಾಮಿಯ ಗುಡಿಯ ಹತ್ತಿರ ಎಲ್ಲ ಗಾಡಿಗಳೂ ನಿಲ್ಲುತ್ತವೆ, ನಾವೂ ನಿಂತು ಪ್ರಸಾದ ತಗೊಂಡೆವು. ಕೆಳಗೆ ಹೋದಂತೆ ಗಾಳಿ ಬೆಚ್ಚಗಾಗುತ್ತ, ಅಂಗಿ ಬೆನ್ನಿಗೆ ಅಂಟತೊಡಗಿತು. ಚಾರ್ಮಾಡಿ ಊರಿಗೆ ಬರುವ ಹೊತ್ತಿಗೆ ಅಂಗಡಿಯವರ ಮಾತು ತುಳುವಾಗಿತ್ತು, ಹೊಳೆಯ ಹೆಸರು ಮೃತ್ಯುಂಜಯ ಎಂದಾಗಿತ್ತು. ಅದು ಮುಂದೆ ನೇತ್ರಾವತಿಯನ್ನು ಕೂಡುತ್ತದೆ.

ಉಜಿರೆಯಲ್ಲಿ ಘಟ್ಟದ ಬಸ್ಸು ಸಿಕ್ಕಿತು. ಸೈಕಲ್ಲುಗಳನ್ನು ಮೇಲೆ ಹಾಕಬೇಕೆಂದಾಗ ಕಂಡಕ್ಟರ್ ಕೆಸರು ಮೆತ್ತಿದ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿಂದ ಬಂದದ್ದು?"

"ಚಿಕ್ಕಮಗಳೂರಿಂದ. ಸುತ್ತು ಹಾಕಿಕೊಂಡು."

"ಈಗ ಎಲ್ಲಿಗೆ?"

"ಚಿಕ್ಕಮಗಳೂರಿಗೇ."

ಅವರು ಟಿಕೇಟಿನ ಮಿಷನ್ನು ಒತ್ತುತ್ತ, "ಸೈಕಲ್ಲಿಗೆ ಲಗೇಜ್ ಆಗ್ತದೆ. ನಿಮ್ಮಿಬ್ಬರದ್ದೂ ಫುಲ್ಲು" ಎಂದರು. ಗೆಳೆಯ ಜೇಬಿಗೆ ಕೈ ಹಾಕಿದವನೇ, "ಸೈಕಲ್ ಈಚಿ ಕಡಿ ಇಳದೈತಿ, ಹತ್ತಿಲ್ಲರೀ ಸರ, ಅರ್ಧಾ ತಗೋರಿ" ಎಂದು ಚೌಕಾಸಿ ಶುರುಮಾಡಿದ.